ಭಂಗಿ ಒಳಗೊಂಡ ಆಯುರ್ವೇದ ಔಷಧಗಳು: ಸುರಕ್ಷತೆ, ಗುಣಮಟ್ಟ ಮತ್ತು ಉದ್ದಿಮೆಯ ಸ್ವಯಂ ನಿಯಂತ್ರಣ

1. ಪೀಠಿಕೆ

ಆಯುರ್ವೇದದಲ್ಲಿ ‘ವಿಜಯಾ’ ಎಂದು ಕರೆಯಲಾಗುವ ಭಂಗಿ ಸೊಪ್ಪು ಗಾಂಜಾ ಗಿಡದ ಎಲೆಯಾಗಿರುತ್ತದೆ. ಜಾತೀಫಲಾದಿ ಚೂರ್ಣದಂತಹ ಶಾಸ್ತ್ರೋಕ್ತ ಔಷಧಗಳಲ್ಲಿ ಇದನ್ನು ಬಹು ಹಿಂದಿನಿಂದಲೂ ಬಳಸಲಾಗುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ನೋವು ಮತ್ತು ನಿದ್ರಾಹೀನತೆಗೆಂದು ವಿಜಯಾ ಸಾರದ ಎಣ್ಣೆ ಹಾಗೂ ಗುಳಿಗೆಗಳೂ ಮಾರುಕಟ್ಟೆಗೆ ಬಂದಿವೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಜನರಲ್ಲಿ ಸಿಮೆಂಟ್ ಕಾರ್ಖಾನೆ, ಸುಣ್ಣದ ಕಲ್ಲಿನ ಗಣಿ ಹಾಗೂ ಹಾಸುಗಲ್ಲಿನ ಕೆಲಸವನ್ನು ಅವಲಂಬಿಸಿದವರು ಅನೇಕರು. ಬೆನ್ನು ನೋವು, ಕೀಲು ನೋವು ಇಂತಹ ದುಡಿಮೆಯಲ್ಲಿ ಸಾಮಾನ್ಯ. ನೋವಿಗೆಂದು ಲೇಬಲ್ ಇಲ್ಲದ ಪುಡಿಯನ್ನು ಸೇವಿಸಿ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನಿಗೆ ಪ್ರಾಣಾಪಾಯ ಸಂಭವಿಸಬಹುದು. ಆದ್ದರಿಂದ ಸದರಿ ಔಷಧಗಳನ್ನು ತಯಾರಿಸಲು, ಮಾರಾಟ ಮಾಡಲು ಅಥವಾ ಬಳಸಲು ಇಚ್ಛಿಸುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ಕಾನೂನಿನ ಚೌಕಟ್ಟು

(ಅ) ಮಾದಕ ದ್ರವ್ಯ ಮತ್ತು ಮನೋತ್ತೇಜಕ ವಸ್ತುಗಳ ಕಾಯ್ದೆ, 1985ರ ಪ್ರಕಾರ ‘ಗಾಂಜಾ’ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಭಾಗ. ತುದಿಭಾಗದೊಂದಿಗೆ ಸೇರಿರದ ಎಲೆ ಮತ್ತು ಬೀಜ ಈ ವ್ಯಾಖ್ಯೆಯಿಂದ ಹೊರಗಿವೆ. ಗಿಡದಿಂದ ತೆಗೆದ ರಾಳವಾದ ಚರಸ್ ಸಹ ಇದೇ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

(ಆ) ಭಂಗಿಯು ಈ ಕಾಯ್ದೆಯಡಿ ನಿಷೇಧಿತ ವಸ್ತುವಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2022ರ ಆಗಸ್ಟ್ ತಿಂಗಳಿನಲ್ಲಿ ಜಾಮೀನು ಅರ್ಜಿಯೊಂದರ ಆದೇಶದಲ್ಲಿ ಅಭಿಪ್ರಾಯಪಟ್ಟಿದೆ. ಆದಾಗ್ಯೂ ಇದರಿಂದ ಔಷಧ ತಯಾರಿಕೆಯ ಪರವಾನಗಿಯಾಗಲಿ, ಅಬಕಾರಿ ನಿಯಮಗಳ ಪಾಲನೆಯಾಗಲಿ ತಪ್ಪುವುದಿಲ್ಲ.

(ಇ) ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940ರಡಿ ರಚಿತವಾದ ನಿಯಮಗಳ ಅನುಸೂಚಿ ಇ(1)ರಲ್ಲಿ ವಿಷಕಾರಿ ದ್ರವ್ಯಗಳ ಪಟ್ಟಿಯಿದ್ದು, ಬೀಜವನ್ನು ಹೊರತುಪಡಿಸಿ ಭಂಗಿಯು ಸದರಿ ಪಟ್ಟಿಯಲ್ಲಿದೆ.

3. ತಯಾರಿಕಾ ಪರವಾನಗಿ

ಪರವಾನಗಿ ಪಡೆಯದೆ ಆಯುರ್ವೇದ ಔಷಧವನ್ನು ಮಾರಾಟಕ್ಕಾಗಿ ತಯಾರಿಸುವುದು ಅಪರಾಧವಾಗಿರುತ್ತದೆ. 2021ರ ಅಕ್ಟೋಬರ್‌ನ ತಿದ್ದುಪಡಿಯ ನಂತರ ಅರ್ಜಿಯನ್ನು ಇ-ಔಷಧಿ ಜಾಲತಾಣದ ಮೂಲಕ ಸಲ್ಲಿಸಬೇಕಾಗಿರುತ್ತದೆ. ಮುಖ್ಯ ಅಂಶಗಳು ಈ ಕೆಳಕಂಡಂತಿವೆ:

1. ಶಾಸ್ತ್ರೋಕ್ತ ಔಷಧವಾದಲ್ಲಿ ಅದರ ಪಾಠವು ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಹೆಸರಿಸಲಾದ ಗ್ರಂಥದಲ್ಲಿರಬೇಕು.
2. ಸಂಸ್ಥೆಯ ಸ್ವಂತ ಸೂತ್ರದ ಔಷಧದಲ್ಲಿ ಅನುಸೂಚಿ ಇ(1)ರ ದ್ರವ್ಯವಿದ್ದಲ್ಲಿ, ನಿಯಮ 158-ಬಿ ಅನ್ವಯ ಸುರಕ್ಷತೆಯ ಅಧ್ಯಯನವನ್ನೂ ಪರಿಣಾಮದ ಪುರಾವೆಯನ್ನೂ ಒದಗಿಸಬೇಕು.
3. ಅನುಸೂಚಿ ಟಿ ಪ್ರಕಾರ ಉತ್ತಮ ತಯಾರಿಕಾ ಪದ್ಧತಿಯನ್ನು ಪಾಲಿಸಬೇಕು. ಕಚ್ಚಾ ಸಾಮಗ್ರಿ, ತಯಾರಿಕೆ, ಗುಣಮಟ್ಟ ಪರೀಕ್ಷೆ, ಸಿದ್ಧ ಔಷಧ ಹಾಗೂ ತಿರಸ್ಕೃತ ಸರಕಿಗೆ ಪ್ರತ್ಯೇಕ ಸ್ಥಳವಿರಬೇಕು.
4. ನಿಗದಿತ ವಿದ್ಯಾರ್ಹತೆಯುಳ್ಳ ತಾಂತ್ರಿಕ ಸಿಬ್ಬಂದಿಯ ಮೇಲ್ವಿಚಾರಣೆಯಲ್ಲಿ ತಯಾರಿಕೆ ನಡೆಯಬೇಕು.

ಸದರಿ ತಿದ್ದುಪಡಿಯಿಂದ ಪರವಾನಗಿ ನೀಡಿಕೆಯ ಗರಿಷ್ಠ ಅವಧಿಯನ್ನು 3 ತಿಂಗಳಿಂದ 2 ತಿಂಗಳಿಗೆ ಇಳಿಸಲಾಗಿದೆ. ಪರವಾನಗಿಯು ಕಾಯಂ ಆಗಿದ್ದು, ನಿಯಮ ಪಾಲನೆಯ ಬಗ್ಗೆ ತಯಾರಕರು ಸ್ವಯಂ ಘೋಷಣೆ ಸಲ್ಲಿಸಬೇಕಾಗಿರುತ್ತದೆ. ಪರಿಣಾಮವಾಗಿ ಗುಣಮಟ್ಟದ ಹೆಚ್ಚಿನ ಹೊಣೆ ಈಗ ತಯಾರಕರ ಮೇಲಿದೆ.

4. ತಯಾರಕರ ಸ್ವಯಂ ನಿಯಂತ್ರಣ

ತಪಾಸಣೆಗೆ ಅಧಿಕಾರಿ ಬರುವ ದಿನ ಮಾತ್ರ ಸರಿಯಾಗಿರುವ ಘಟಕದಿಂದ ರೋಗಿಗೆ ಪ್ರಯೋಜನವಿಲ್ಲ. ಒಂದೇ ಗಿಡದ ಎಲೆಯಲ್ಲಿಯೂ ತಳಿ, ಮಣ್ಣು ಮತ್ತು ಕೊಯ್ಲಿನ ಕಾಲಕ್ಕೆ ಅನುಸಾರವಾಗಿ ಮತ್ತು ಬರಿಸುವ ಅಂಶವಾದ ಟಿಎಚ್‌ಸಿ ಹೆಚ್ಚು ಕಡಿಮೆಯಾಗುತ್ತದೆ. ಕಳೆದ ತಿಂಗಳ ಗುಳಿಗೆಗೂ ಈ ತಿಂಗಳ ಗುಳಿಗೆಗೂ ಬಲದಲ್ಲಿ ವ್ಯತ್ಯಾಸವಾದರೆ ವೈದ್ಯರು ನಿಗದಿಪಡಿಸಿದ ಪ್ರಮಾಣಕ್ಕೆ ಅರ್ಥವಿರುವುದಿಲ್ಲ. ಆದ್ದರಿಂದ ತಯಾರಕರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ಎಲೆಯನ್ನು ಪರವಾನಗಿಯುಳ್ಳ ಮೂಲದಿಂದಲೇ ಖರೀದಿಸಿ, ರಸೀದಿಯನ್ನು ಕಾಯ್ದಿರಿಸುವುದು. ಹೂವಿನ ತುದಿ ಬೆರೆತಿದ್ದಲ್ಲಿ ಸರಕು ‘ಗಾಂಜಾ’ ಎನಿಸಿಕೊಳ್ಳುವುದರಿಂದ ಸ್ವೀಕರಿಸುವಾಗಲೇ ಪರಿಶೀಲಿಸುವುದು.
2. ಪ್ರತಿ ಬ್ಯಾಚ್‌ನಲ್ಲಿ ಟಿಎಚ್‌ಸಿ ಹಾಗೂ ಸಿಬಿಡಿ ಪ್ರಮಾಣವನ್ನು ಅಳೆಯಿಸುವುದು.
3. ಭಾರಲೋಹಗಳನ್ನು ಪರೀಕ್ಷಿಸುವುದು. ಗಿಡಮೂಲಿಕೆ ಔಷಧಗಳಿಗೆ ಅನ್ವಯಿಸುವ ಮಿತಿಗಳು: ಸೀಸ ದಶಲಕ್ಷಕ್ಕೆ 10 ಭಾಗ, ಆರ್ಸೆನಿಕ್ 3 ಭಾಗ, ಪಾದರಸ 1 ಭಾಗ, ಕ್ಯಾಡ್ಮಿಯಂ 0.3 ಭಾಗ.
4. ಕೀಟನಾಶಕದ ಶೇಷ, ಬೂಷ್ಟು ಮತ್ತು ಸೂಕ್ಷ್ಮಾಣುಗಳ ಪರೀಕ್ಷೆ ನಡೆಸುವುದು. ಸ್ವಂತ ಪ್ರಯೋಗಾಲಯವಿಲ್ಲದವರು ಅನುಮೋದಿತ ಪ್ರಯೋಗಾಲಯದಲ್ಲಿ ಮಾಡಿಸಬಹುದು.
5. ಬ್ಯಾಚ್‌ವಾರು ದಾಖಲೆ ಹಾಗೂ ಮಾದರಿಯನ್ನು ಕಾಯ್ದಿರಿಸುವುದು. ದೋಷ ಕಂಡುಬಂದಲ್ಲಿ ಯಾವ ಅಂಗಡಿಗೆ ಎಷ್ಟು ಸರಕು ಹೋಗಿದೆ ಎಂದು ತಿಳಿದು ಹಿಂಪಡೆಯಲು ಇದು ಅಗತ್ಯ.
6. ವರ್ಷದಲ್ಲಿ ಬಳಸಿದ ಕಚ್ಚಾ ಸಾಮಗ್ರಿಯ ವಿವರವನ್ನು ಅನುಸೂಚಿ ಟಿಎ ನಮೂನೆಯಲ್ಲಿ ಸಲ್ಲಿಸುವುದು.

ಇದಲ್ಲದೆ, ಭಾರತೀಯ ಗುಣಮಟ್ಟ ಪರಿಷತ್ತು 2009ರಲ್ಲಿ ಸ್ವಯಂಪ್ರೇರಿತ ಪ್ರಮಾಣೀಕರಣ ಯೋಜನೆಯನ್ನು ಆರಂಭಿಸಿದೆ. ದೇಶದ ನಿಯಮಗಳಿಗೆ ಅನುಗುಣವಾದ ಉತ್ಪನ್ನಕ್ಕೆ ‘ಆಯುಷ್ ಸ್ಟ್ಯಾಂಡರ್ಡ್’ ಮತ್ತು ಅಂತರರಾಷ್ಟ್ರೀಯ ಮಟ್ಟದ ಗುಣಮಟ್ಟಕ್ಕೆ ‘ಆಯುಷ್ ಪ್ರೀಮಿಯಂ’ ಗುರುತು ನೀಡಲಾಗುತ್ತದೆ. ಇದು ಕಡ್ಡಾಯವಲ್ಲ, ಆದರೆ ಹೊರಗಿನವರ ಪರಿಶೀಲನೆಗೆ ತಾನಾಗಿ ಒಳಪಟ್ಟ ಸಂಸ್ಥೆಯನ್ನು ಗ್ರಾಹಕರು ಗುರುತಿಸಲು ನೆರವಾಗುತ್ತದೆ.

5. ಲೇಬಲ್ ಮತ್ತು ಜಾಹೀರಾತು

ಅನುಸೂಚಿ ಇ(1)ರ ದ್ರವ್ಯವಿರುವ ಔಷಧದ ಮೇಲೆ ‘ಎಚ್ಚರಿಕೆ: ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದು’ ಎಂಬ ಅರ್ಥದ ಸೂಚನೆಯನ್ನು ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲಿಯೂ ಮುದ್ರಿಸುವುದು ಕಡ್ಡಾಯ. ಗ್ರಾಮೀಣ ಗ್ರಾಹಕರ ಅನುಕೂಲಕ್ಕಾಗಿ ತಯಾರಕರು ಇದನ್ನು ಕನ್ನಡದಲ್ಲಿಯೂ ಮುದ್ರಿಸುವುದು ಅಪೇಕ್ಷಣೀಯ. ಕ್ಯಾನ್ಸರ್, ಮಧುಮೇಹ, ಮೂರ್ಛೆರೋಗ ಮುಂತಾದವು ಗುಣವಾಗುವುದೆಂದು ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ನಿಷೇಧಿಸುತ್ತದೆ.

6. ಮಾರಾಟಗಾರರ ಹೊಣೆ

ಆಯುರ್ವೇದ ಔಷಧಗಳ ಚಿಲ್ಲರೆ ಮಾರಾಟಕ್ಕೆ ಪ್ರತ್ಯೇಕ ಔಷಧ ಮಾರಾಟ ಪರವಾನಗಿಯ ಅಗತ್ಯವಿರುವುದಿಲ್ಲ. ಇದೇ ಕಾರಣದಿಂದ ಅಂಗಡಿಯವರ ಜವಾಬ್ದಾರಿ ಹೆಚ್ಚಿನದು. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಇಂತಹ ಔಷಧವನ್ನು ನೀಡಬಾರದು. ಬಿಡಿ ಪೊಟ್ಟಣ ಕಟ್ಟಿ ಮಾರಬಾರದು. ಆನ್‌ಲೈನ್ ಮಾರಾಟದಲ್ಲಿಯೂ ನೋಂದಾಯಿತ ವೈದ್ಯರ ಚೀಟಿ ಪಡೆದ ನಂತರವೇ ಅನುಸೂಚಿ ಇ(1)ರ ಔಷಧಗಳನ್ನು ನೀಡುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಸೂಚಿಸಿದೆ.

7. ಬಳಸುವವರ ಗಮನಕ್ಕೆ

1. ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು ಬಳಕೆಯ ಅವಧಿ ಇಲ್ಲದ ಔಷಧವನ್ನು ಕೊಳ್ಳಬಾರದು.
2. ಸೇವಿಸಿದ ನಂತರ ವಾಹನ, ಕ್ರಷರ್, ಕಲ್ಲು ಕೊಯ್ಯುವ ಯಂತ್ರ ಮುಂತಾದವುಗಳನ್ನು ನಡೆಸಬಾರದು.
3. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು ಹಾಗೂ ಮಾನಸಿಕ ಕಾಯಿಲೆ ಇರುವವರು ವೈದ್ಯರ ಸ್ಪಷ್ಟ ಸಲಹೆಯಿಲ್ಲದೆ ಬಳಸಬಾರದು.
4. ನಿದ್ರೆ ಮಾತ್ರೆ ಅಥವಾ ಮೂರ್ಛೆರೋಗದ ಮಾತ್ರೆ ಸೇವಿಸುತ್ತಿದ್ದಲ್ಲಿ ವೈದ್ಯರಿಗೆ ಮೊದಲೇ ತಿಳಿಸಬೇಕು. ಮದ್ಯದೊಂದಿಗೆ ಸೇವಿಸಬಾರದು.

8. ಬೇಸಾಯದ ಬಗ್ಗೆ

ತೊಗರಿ ಅಥವಾ ಹತ್ತಿಯ ಸಾಲಿನ ನಡುವೆ ಗಾಂಜಾ ಗಿಡ ಬೆಳೆಸುವುದು ಗಂಭೀರ ಅಪರಾಧವಾಗಿದ್ದು, 10 ವರ್ಷಗಳವರೆಗೆ ಕಠಿಣ ಸೆರೆವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ‘ಔಷಧಕ್ಕಾಗಿ ಬೆಳೆಯಿರಿ, ನಾವೇ ಕೊಳ್ಳುತ್ತೇವೆ’ ಎಂಬ ಮಧ್ಯವರ್ತಿಗಳ ಮಾತನ್ನು ರೈತರು ನಂಬಬಾರದು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಇದೇ ಜಿಲ್ಲೆಯ ಕುರಿ ಸಾಕಣೆ ಕೇಂದ್ರವೊಂದರಿಂದ 1,300 ಕಿಲೋಗೂ ಅಧಿಕ ಗಾಂಜಾ ವಶಪಡಿಸಿಕೊಂಡಿದ್ದರು. ನಾರು ಮತ್ತು ಬೀಜಕ್ಕಾಗಿ ಬೇಸಾಯಕ್ಕೆ ಅನುಮತಿ ನೀಡುವ ಅವಕಾಶ ಕಾಯ್ದೆಯಲ್ಲಿದ್ದು, ಉತ್ತರಾಖಂಡ ರಾಜ್ಯವು ಟಿಎಚ್‌ಸಿ ಶೇ. 0.3 ಮೀರದ ತಳಿಗೆ ಅನುಮತಿ ನೀಡಿದೆ. ಅನ್ಯ ರಾಜ್ಯದ ಅನುಮತಿ ಕರ್ನಾಟಕದ ರೈತರಿಗೆ ಅನ್ವಯಿಸುವುದಿಲ್ಲ.

9. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಸೇಡಂನಲ್ಲಿ ಘಟಕ ಆರಂಭಿಸಲು ಅರ್ಜಿ ಎಲ್ಲಿ ಸಲ್ಲಿಸಬೇಕು?
ಉತ್ತರ: ಇ-ಔಷಧಿ ಜಾಲತಾಣದಲ್ಲಿ. ಪೂರ್ವ ಮಾಹಿತಿಗಾಗಿ ಕಲಬುರಗಿಯ ಜಿಲ್ಲಾ ಆಯುಷ್ ಅಧಿಕಾರಿಯವರ ಕಚೇರಿಯನ್ನು ಸಂಪರ್ಕಿಸಬಹುದು.

ಪ್ರಶ್ನೆ: ಗಾಂಜಾ ಗಿಡದ ಬೀಜದ ಎಣ್ಣೆಯನ್ನು ಆಹಾರವಾಗಿ ಮಾರಬಹುದೇ?
ಉತ್ತರ: 2021ರ ನವೆಂಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಬೀಜ, ಬೀಜದ ಎಣ್ಣೆ ಮತ್ತು ಹಿಟ್ಟಿಗೆ ಮಾನದಂಡ ನಿಗದಿಪಡಿಸಿದೆ. ಆಹಾರ ಪರವಾನಗಿ ಅಗತ್ಯ. ರೋಗ ಗುಣವಾಗುವುದೆಂದು ಹೇಳಿ ಮಾರುವಂತಿಲ್ಲ.

ಪ್ರಶ್ನೆ: ಔಷಧದಿಂದ ತೊಂದರೆಯಾದಲ್ಲಿ ಏನು ಮಾಡಬೇಕು?
ಉತ್ತರ: ಸೇವನೆ ನಿಲ್ಲಿಸಿ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಡಬ್ಬಿ ಮತ್ತು ರಸೀದಿಯನ್ನು ಎಸೆಯದೆ ಕೊಂಡೊಯ್ಯಬೇಕು. ಜಿಲ್ಲಾ ಆಯುಷ್ ಅಧಿಕಾರಿಯವರಿಗೆ ಲಿಖಿತ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಮಾದಕ ವಸ್ತು ಕುರಿತ ಮಾಹಿತಿಗೆ 1933, ವ್ಯಸನಮುಕ್ತಿ ಸಲಹೆಗೆ 14446 ಸಂಖ್ಯೆಗೆ ಕರೆ ಮಾಡಬಹುದು.

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ಅರ್ಜಿದಾರರು ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ಪರಿಶೀಲಿಸಿಕೊಳ್ಳಲು ಕೋರಲಾಗಿದೆ.