ವಾರ್ಸಾದ ಅರ್ಧ ದಿನ

1936ರ ಮಾರ್ಚ್ 17ರಂದು ಪೋಲೆಂಡಿನ ಯಹೂದಿ ಕಾರ್ಮಿಕರು ತಮ್ಮವರ ಮೇಲಿನ ದಾಳಿಯನ್ನು ಪ್ರತಿಭಟಿಸಿ ಅರ್ಧ ದಿನ ಕೆಲಸ ನಿಲ್ಲಿಸಿದರು. ಎಂಟು ದಿನ ಮೊದಲು ಪ್ಶಿಟಿಕ್ ಎಂಬ ಪುಟ್ಟ ಊರಿನ ಸಂತೆಯಲ್ಲಿ ಗಲಭೆಯಾಗಿ, ಬೂಟು ಹೊಲಿಯುವ ಯಹೂದಿಯೊಬ್ಬನನ್ನೂ ಅವನ ಹೆಂಡತಿಯನ್ನೂ ಕೊಂದಿದ್ದರು. ಒಬ್ಬ ಪೋಲಿಷ್ ರೈತನೂ ಗುಂಡಿಗೆ ಬಲಿಯಾಗಿದ್ದ.

ಕಾರ್ಮಿಕ ಸಂಘದಲ್ಲೇ ಬದುಕು ಸವೆಸಿದ ನಾನು ಆ ಕಾಲದ ಚರಿತ್ರೆ ಓದುವಾಗಲೆಲ್ಲ ಈ ಮುಷ್ಕರದ ಬಳಿ ನಿಂತುಬಿಡುತ್ತೇನೆ. ದುಡಿದರಷ್ಟೇ ಉಣ್ಣುವ ದರ್ಜಿಗೆ ಅರ್ಧ ದಿನದ ಕೂಲಿ ಎಂದರೆ ಮಕ್ಕಳ ರಾತ್ರಿಯೂಟ. ಅದನ್ನು ಬಿಟ್ಟುಕೊಟ್ಟು ಅವರು ಬೀದಿಗೆ ಬಂದರು. ಪೋಲಿಷ್ ಸಮಾಜವಾದಿ ಕಾರ್ಮಿಕರೂ ಜೊತೆಗೂಡಿದರು. ನನಗೆ ಇಡೀ ಘಟನೆಯಲ್ಲಿ ದೊಡ್ಡದಾಗಿ ಕಾಣುವುದು ಇದೇ.

ಮುಷ್ಕರಕ್ಕೆ ಕರೆ ಕೊಟ್ಟದ್ದು ಯಹೂದಿ ಕಾರ್ಮಿಕರ ಸಮಾಜವಾದಿ ಪಕ್ಷವಾದ ಬುಂಡ್. ಹಿಂದಿನ ಕಾಲದಲ್ಲಿ ಇಂಥ ಆಪತ್ತು ಬಂದರೆ ಸಮುದಾಯದ ಸಿರಿವಂತನೊಬ್ಬ ಕಾಣಿಕೆ ಹಿಡಿದು ದೊರೆಯ ಬಾಗಿಲಿಗೆ ಹೋಗುತ್ತಿದ್ದ. ಆ ರೂಢಿಯನ್ನು ಒಲ್ಲದ ಎರಡು ಹಾದಿಗಳು 1897ರಲ್ಲೇ ತೆರೆದವು. ಆಗಸ್ಟಿನಲ್ಲಿ ಬಾಸೆಲ್‌ನ ಜಿಯೋನಿಸ್ಟ್ ಸಮ್ಮೇಳನ ಪ್ಯಾಲೆಸ್ತೀನಿನಲ್ಲಿ ನೆಲೆ ಬೇಕೆಂದಿತು. ಅಕ್ಟೋಬರಿನಲ್ಲಿ ವಿಲ್ನಾದಲ್ಲಿ ಗುಟ್ಟಾಗಿ ಸೇರಿದ 13 ಮಂದಿ ಬುಂಡ್ ಕಟ್ಟಿದರು. ಹುಟ್ಟಿದ ನೆಲದಲ್ಲೇ ಹಕ್ಕು ಸಿಗಬೇಕು, ಅದನ್ನು ಪಕ್ಕದ ಕೆಲಸಗಾರನ ಜೊತೆ ಸೇರಿ ಪಡೆಯಬೇಕು ಎಂಬುದು ಇವರ ನಿಲುವು. 1903ರಲ್ಲಿ ಕಿಶಿನೇವ್ ನಗರದಲ್ಲಿ ನಡೆದ ಯಹೂದಿಗಳ ಹತ್ಯಾಕಾಂಡದ ನಂತರ ಇವರ ಆತ್ಮರಕ್ಷಣಾ ಪಡೆಗಳು ಬಲಗೊಂಡವು.

ಹಿಟ್ಲರನ ಮಾರಣಹೋಮವನ್ನು ತೋರಿಸಿ, ಹುಟ್ಟಿದ ನೆಲದಲ್ಲೇ ಉಳಿಯೋಣ ಎಂದ ಬುಂಡ್ ಕುರುಡಾಗಿತ್ತು ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಪೋಲೆಂಡಿನಲ್ಲಿದ್ದದ್ದು ಮೂವತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳು. ಅಮೆರಿಕ 1924ರ ವಲಸೆ ಕಾನೂನಿನಿಂದ ಬಾಗಿಲು ಬಿಗಿಮಾಡಿತ್ತು. 1939ರಲ್ಲಿ ಬ್ರಿಟನ್, ಪ್ಯಾಲೆಸ್ತೀನಿಗೆ ಐದು ವರ್ಷಗಳಲ್ಲಿ 75,000 ಮಂದಿ ಸಾಕೆಂದಿತು. ಉಳಿದವರು ಎಲ್ಲಿಗೆ ಹೋಗಬೇಕಿತ್ತು? ಇದ್ದಲ್ಲೇ ಎದುರು ನಿಲ್ಲುವುದೇ ಉಳಿದ ದಾರಿ. ಪೋಲೆಂಡಿನ ವಿಶ್ವವಿದ್ಯಾಲಯಗಳು ಯಹೂದಿ ವಿದ್ಯಾರ್ಥಿಗಳನ್ನು ಬೇರೆ ಬೆಂಚಿಗೆ ತಳ್ಳಿದಾಗ ಆ ವಿದ್ಯಾರ್ಥಿಗಳು ನಿಂತೇ ಪಾಠ ಕೇಳಿದರು. ಜನ ಯಾರನ್ನು ನಂಬಿದರೆಂಬುದಕ್ಕೆ ಲೆಕ್ಕವೂ ಇದೆ: 1938ರ ಡಿಸೆಂಬರಿನ ವಾರ್ಸಾ ನಗರಸಭಾ ಚುನಾವಣೆಯಲ್ಲಿ ಯಹೂದಿ ಪಕ್ಷಗಳು ಗೆದ್ದ 20 ಸ್ಥಾನಗಳಲ್ಲಿ 17 ಬುಂಡ್‌ನವು.

ಒಂದು ಮಾತು ಮಾತ್ರ ನಿಜ. ಮುಷ್ಕರಕ್ಕೆ ಬೆಲೆ ಬರುವುದು ಎದುರಾಳಿಗೆ ನಿಮ್ಮ ದುಡಿಮೆ ಬೇಕಾದಾಗ. ನಿಮ್ಮ ಸಾವನ್ನೇ ಬಯಸಿ ಬಂದ ಸೈನ್ಯದ ಮುಂದೆ ಅದು ನಡೆಯದು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದೊಳಗಿನ ಬುಂಡ್‌ ಯುವಕರು ಅದನ್ನು ಅರಿತರು. 1942ರ ಶರತ್ಕಾಲದಲ್ಲಿ ಅವರು ಜಿಯೋನಿಸ್ಟರ ಜೊತೆ ಒಂದೇ ಹೋರಾಟ ಸಂಘಟನೆಗೆ ಸೇರಿದರು. ಮರುವರ್ಷ ಏಪ್ರಿಲ್‌ನಲ್ಲಿ ದಂಗೆ ಎದ್ದಾಗ ಅದರ ದಂಡನಾಯಕ ಜಿಯೋನಿಸ್ಟ್ ಮೊರ್ದೆಖಾಯ್ ಅನಿಯೆಲೆವಿಚ್. ಅವನು ಸತ್ತ ಮೇಲೆ ಉಳಿದವರನ್ನು ಮುನ್ನಡೆಸಿದವರಲ್ಲಿ ಬುಂಡ್‌ನ ಮಾರೆಕ್ ಎಡೆಲ್‌ಮನ್ ಇದ್ದ. ಚರಂಡಿಯ ಹಾದಿಯಲ್ಲಿ ಪಾರಾದ ಎಡೆಲ್‌ಮನ್ ಯುದ್ಧ ಮುಗಿದ ಮೇಲೂ ಪೋಲೆಂಡ್ ಬಿಡಲಿಲ್ಲ. ಊಡ್ಜ್ ನಗರದಲ್ಲಿ ಹೃದ್ರೋಗ ವೈದ್ಯನಾಗಿ, 2009ರಲ್ಲಿ ತೀರಿಕೊಳ್ಳುವವರೆಗೂ ಪೋಲೆಂಡಿನವನಾಗಿಯೇ ಉಳಿದ.