ಅಗ್ನಿಶಾಮಕ ವಿದ್ಯೆಯೂ ಅದರ ಬೋಧಕರೂ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯು ನಮ್ಮ ನಾಡಿನಲ್ಲಿ ಆಬಾಲವೃದ್ಧರಿಗೆ ತಿಳಿದಿರುವದು. ಹಿರಿಯರು ಇದನ್ನು ಬರಗಾಲದ ಮಾತಿಗೂ, ಸಾಲದ ಮಾತಿಗೂ, ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚುವ ಹುಡುಗನಿಗೂ ಅನ್ವಯಿಸಿ ಹೇಳುತ್ತ ಬಂದಿದ್ದಾರೆ. ಆದರೆ ಗಾದೆಯ ನೇರವಾದ ಅರ್ಥವನ್ನು, ಅಂದರೆ ಬೆಂಕಿಯ ವಿಷಯವನ್ನೇ, ವಿಚಾರಿಸಿ ನೋಡಿದವರು ವಿರಳ. ಬೆಂಕಿ ಬೀಳುವದಕ್ಕಿಂತ ಮುಂಚೆ ತೋಡಿಡಬೇಕಾದ ಬಾವಿಯು ನೀರಿನದೊಂದೇ ಅಲ್ಲ. ನೀರು ಬೇಕಾದಷ್ಟಿದ್ದರೂ ಅದನ್ನು ಎಲ್ಲಿ, ಯಾವಾಗ, ಹೇಗೆ ಹೊಯ್ಯಬೇಕೆಂಬ ಅರಿವು ಇಲ್ಲದಿದ್ದರೆ ಆ ನೀರೂ ವ್ಯರ್ಥ, ಹೊಯ್ಯುವವನ ಪ್ರಾಣಕ್ಕೂ ಅಪಾಯ. ಈ ಅರಿವಿನ ಬಾವಿಯನ್ನು ತೋಡುವವನು ಅಗ್ನಿಶಾಮಕ ವಿದ್ಯೆಯ ಬೋಧಕನು. ಅವನ ವೃತ್ತಿಯು ಹೇಗೆ ಹುಟ್ಟಿತು, ಯಾವ ಬೆಲೆ ತೆತ್ತು ಬೆಳೆಯಿತು, ಹುಬ್ಬಳ್ಳಿ-ಧಾರವಾಡದವರಾದ ನಾವು ಅದನ್ನೇಕೆ ಆದರಿಸಬೇಕು ಎಂಬುದನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವದು ಈ ಲೇಖನದ ಉದ್ದೇಶವು.

ನಮ್ಮ ಎರೆಯ ಸೀಮೆಯ ಹಳೆಯ ಮನೆಗಳು ಮಣ್ಣಿನ ಗೋಡೆಯ, ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆಗಳು. ಹುಲ್ಲು ಹೊದಿಸಿದ ಗುಡಿಸಲಿನಂತೆ ಅವು ಕಿಡಿ ತಾಕಿದೊಡನೆ ಉರಿದು ಹೋಗತಕ್ಕವಲ್ಲ. ರೈತನಿಗೆ ಬೆಂಕಿಯ ಅಂಜಿಕೆಯೆಂದರೆ ಮುಖ್ಯವಾಗಿ ಬಣವೆಯ ಅಂಜಿಕೆ. ಬಣವೆಗೆ ಕಿಚ್ಚು ಹತ್ತಿತೆಂದರೆ ಊರಿಗೆ ಊರೇ ಕೊಡ ಹಿಡಿದು ಓಡುವದು. ಬಾವಿಯಿಂದ ಬಣವೆಯವರೆಗೆ ಸಾಲು ನಿಂತು ಕೈಯಿಂದ ಕೈಗೆ ನೀರು ದಾಟಿಸುವದು. ಉರಿಯುವದನ್ನು ಉಳಿಸಲಾಗದಿದ್ದರೆ ಪಕ್ಕದ ಬಣವೆಯನ್ನಾದರೂ ಕಿತ್ತು ದೂರ ಮಾಡುವದು. ಇದೂ ಒಂದು ವಿದ್ಯೆಯೇ ಹೌದು. ಇದನ್ನು ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಹಿರಿಯರು ಮಾಡಿದ್ದನ್ನು ಕಿರಿಯರು ನೋಡಿ ಕಲಿತರು. ಒಂದೇ ಬಗೆಯ ಬೆಂಕಿಯು ಮೇಲಿಂದ ಮೇಲೆ ಬೀಳುವವರೆಗೆ ಇಂಥ ಕಲಿಕೆಯು ಸಾಕಾಗುತ್ತಿತ್ತು.

ಆದರೆ 19ನೆಯ ಶತಮಾನದಲ್ಲಿ ಬೆಂಕಿಯ ಬಗೆಯೇ ಬದಲಾಯಿತು. ಧಾರವಾಡ ಜಿಲ್ಲೆಯಲ್ಲಿ ಅಮೇರಿಕದ ಹತ್ತಿಯ ತಳಿಯು ನೆಲೆಗೊಂಡು, ‘ಧಾರವಾಡ-ಅಮೇರಿಕನ್’ ಎಂಬ ಹೆಸರಿನಿಂದ ಪೇಟೆಯಲ್ಲಿ ಪ್ರಸಿದ್ಧವಾಯಿತು. ಚಕ್ಕಡಿಗಳು ಘಟ್ಟವಿಳಿದು ಕುಮಟೆಯ ಬಂದರಕ್ಕೆ ಅಂಡಿಗೆಗಳನ್ನು ಸಾಗಿಸಿದವು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಸ್ಥಾಪನೆಯಾಗಿ, ಮುಂದೆ ಹುಬ್ಬಳ್ಳಿಯಲ್ಲಿ ಅದರ ದೊಡ್ಡ ಕಾರಖಾನೆಯು ನಿಂತಿತು. ಊರ ಸುತ್ತ ಜಿನ್ನುಗಳೂ ಪ್ರೆಸ್ಸುಗಳೂ ಎದ್ದವು. ಅರಳೆಯ ಬೆಂಕಿಯು ಬಣವೆಯ ಬೆಂಕಿಯಂತಲ್ಲ. ಬಿಡಿ ಅರಳೆಯ ಮೇಲೆ ಕಿಡಿಯು ಕ್ಷಣಮಾತ್ರದಲ್ಲಿ ಹರಿದು ಹೋಗುವದು. ಬಿಗಿದ ಅಂಡಿಗೆಯಲ್ಲಿಯಾದರೋ ಹೊರಗೆ ಏನೂ ಕಾಣದೆ ಒಳಗೊಳಗೇ ದಿನಗಟ್ಟಲೆ ಕನಲುತ್ತಿರುವದು. ಮೇಲೆ ಹೊಯ್ದ ನೀರು ಅದರ ಒಡಲಿಗೆ ಇಳಿಯುವದಿಲ್ಲ. ಬೆಂಕಿ ಆರಿತೆಂದು ತಿಳಿದು ಮನೆಗೆ ಹೋದವನನ್ನು ಮರುದಿನ ಅದೇ ಅಂಡಿಗೆಯು ಮೋಸಗೊಳಿಸುವದು. ಇಂಥ ಬೆಂಕಿಯನ್ನು ನೋಡಿ ಕಲಿಯುತ್ತೇನೆನ್ನುವವನು ಕಲಿಯುವಷ್ಟರಲ್ಲಿ ಕೋಠಿಯೇ ಉಳಿದಿರದು.

ಹುಬ್ಬಳ್ಳಿಯ ನಗರಸಭೆಯು 1855ರ ಆಗಸ್ಟ 15ರಂದೂ, ಧಾರವಾಡದ್ದು 1856ರ ಜನೆವರಿ 1ರಂದೂ ಹುಟ್ಟಿದವು. ಮುಂಬಯಿ ಪ್ರಾಂತದ 1901ರ ಜಿಲ್ಲಾ ಮುನಿಸಿಪಲ್ ಕಾಯದೆಯು ಬೆಂಕಿ ನಂದಿಸುವದನ್ನೂ, ಬೆಂಕಿಯ ಸಮಯದಲ್ಲಿ ಪ್ರಾಣ-ಆಸ್ತಿಗಳನ್ನು ಕಾಯುವದನ್ನೂ ಇಂಥ ನಗರಸಭೆಗಳ ಕರ್ತವ್ಯಗಳಲ್ಲಿ ಎಣಿಸಿತು. ಆದರೆ ಕರ್ತವ್ಯವನ್ನು ಕಾಗದದ ಮೇಲೆ ಬರೆಯುವದು ಒಂದು, ಅದನ್ನು ನಿರ್ವಹಿಸುವ ಜನರನ್ನು ಸಿದ್ಧಗೊಳಿಸುವದು ಮತ್ತೊಂದು. ಈ ಎರಡನೆಯ ಕೆಲಸದ ಇತಿಹಾಸವನ್ನು ತಿಳಿಯಬೇಕಾದರೆ ನಮ್ಮ ಹತ್ತಿಯ ಹಡಗುಗಳು ಹೋಗಿ ಮುಟ್ಟುತ್ತಿದ್ದ ವಿಲಾಯತಿಯತ್ತ ಒಮ್ಮೆ ತಿರುಗಬೇಕು.

ಸ್ಕಾಟ್‌ಲಂಡಿನ ಎಡಿನ್‌ಬರೋ ನಗರವು 1824ರಲ್ಲಿ ಜೇಮ್ಸ್ ಬ್ರೇಡ್‌ವುಡ್ ಎಂಬ ತರುಣನನ್ನು ತನ್ನ ಅಗ್ನಿಶಾಮಕ ದಳದ ಮುಖ್ಯಸ್ಥನನ್ನಾಗಿ ನೇಮಿಸಿತು. ಆಗ ಅವನ ವಯಸ್ಸು ಸುಮಾರು 24. ಅವನು ಗೌಂಡಿ, ಬಡಗಿ, ಕಮ್ಮಾರ ಮೊದಲಾದ ಕಸಬುದಾರರನ್ನು ಆರಿಸಿಕೊಂಡನು. ಏಕೆಂದರೆ ಮನೆ ಕಟ್ಟಬಲ್ಲವನಿಗೆ ಮನೆ ಯಾವಾಗ ಕುಸಿದೀತೆಂಬುದೂ ತಿಳಿಯುವದು. ವಾರಕ್ಕೊಮ್ಮೆ ಬೆಳಗಿನ ನಾಲ್ಕು ಗಂಟೆಯ ಕತ್ತಲಲ್ಲಿ ಅವರಿಂದ ಕವಾಯತು ಮಾಡಿಸಿದನು. ಬೆಂಕಿಯು ಹಗಲನ್ನೇ ನೋಡಿ ಬರುವದಿಲ್ಲವಷ್ಟೆ! ಹೊರಗೆ ನಿಂತು ಹೊಗೆಯ ಮೇಲೆ ನೀರೆರಚದೆ ಒಳಹೊಕ್ಕು ಬೆಂಕಿಯ ಬುಡಕ್ಕೇ ನೀರು ಮುಟ್ಟಿಸಬೇಕೆಂಬುದು ಅವನ ಮೊದಲನೆಯ ಪಾಠ. 1830ರಲ್ಲಿ ಅವನು ಬೆಂಕಿಯ ಯಂತ್ರಗಳ ರಚನೆ, ದಳದವರ ಶಿಕ್ಷಣ, ಬೆಂಕಿಯ ಸಮಯದಲ್ಲಿ ನಡೆದುಕೊಳ್ಳುವ ರೀತಿ ಇವುಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅಂದಿನವರೆಗೆ ಸಾಹಸವೆನಿಸಿದ್ದ ಕೆಲಸವು ಅಂದಿನಿಂದ ಪಾಠವಾಯಿತು.

ಮುಂದೆ ಅವನು ಲಂಡನ್ನಿನ ದಳಕ್ಕೆ ಮುಖ್ಯಸ್ಥನಾಗಿ ಹೋದನು. 1861ರ ಜೂನ್ 22ರಂದು ಅಲ್ಲಿಯ ಟೂಲಿ ಬೀದಿಯ ಉಗ್ರಾಣಗಳಿಗೆ ಬೆಂಕಿ ಹತ್ತಿತು. ಅವುಗಳಲ್ಲಿ ತುಂಬಿದ್ದ ಸರಕುಗಳಲ್ಲಿ ಹತ್ತಿ, ಸೆಣಬುಗಳೂ ಇದ್ದವು. ಒಂದು ಕೋಠಿಯ ಬೆಂಕಿ ಇನ್ನೊಂದಕ್ಕೆ ದಾಟದಂತೆ ಹಾಕಿಸಿದ್ದ ಕಬ್ಬಿಣದ ಬಾಗಿಲುಗಳನ್ನು ತೆರೆದೇ ಬಿಟ್ಟಿದ್ದರು. ತನ್ನ ಜನರನ್ನು ಸಂತೈಸುತ್ತ ನಿಂತಿದ್ದ ಬ್ರೇಡ್‌ವುಡ್ಡನ ಮೇಲೆ ಗೋಡೆ ಕುಸಿದು ಅವನು ಅಲ್ಲಿಯೇ ಮಡಿದನು. ಬೆಂಕಿಯು ಪೂರ್ತಿಯಾಗಿ ಆರಲು ಸುಮಾರು ಎರಡು ವಾರಗಳು ಹಿಡಿದವು. ಅಮೇರಿಕದ ಅಂತರ್ಯುದ್ಧವು ಆರಂಭವಾಗಿ, ಇಂಗ್ಲಂಡಿನ ಗಿರಣಿಗಳು ನಮ್ಮ ಹತ್ತಿಗಾಗಿ ಬಾಯಿ ತೆರೆದದ್ದೂ ಇದೇ ವರ್ಷದಲ್ಲಿ ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಹತ್ತಿಯ ಐಶ್ವರ್ಯವೂ ಹತ್ತಿಯ ಬೆಂಕಿಯೂ ಒಂದೇ ಹಾದಿಯ ಪಯಣಿಗರು.

ಇನ್ನು ನಮ್ಮ ಪ್ರಾಂತದ ಅಂದಿನ ರಾಜಧಾನಿಯಾದ ಮುಂಬಯಿಗೆ ಬರೋಣ. ಅಲ್ಲಿ ಮೊದಲು ಪೋಲೀಸರ ಕೈಯಲ್ಲಿದ್ದ ಬೆಂಕಿ ನಂದಿಸುವ ಹೊಣೆಯು 1887ರಲ್ಲಿ ನಗರಸಭೆಗೆ ಬಂದಿತು. ಕಾಲಕ್ರಮದಲ್ಲಿ ಅಲ್ಲಿಯ ದಳವು ದೇಶದ ಉತ್ತಮ ದಳಗಳಲ್ಲಿ ಒಂದೆನಿಸಿತು. ಹೀಗಿದ್ದರೂ 1944ರ ಎಪ್ರಿಲ್ 14ರಂದು ಅದಕ್ಕೆ ಒದಗಿದ ಪರೀಕ್ಷೆಯು ಅತಿ ಭೀಕರವಾದದ್ದು. ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿನಲ್ಲಿ ಸುಮಾರು 1,400 ಟನ್ನು ಸ್ಫೋಟಕ ಸಾಮಗ್ರಿಯೂ, ಕರಾಚಿಯಲ್ಲಿ ಏರಿಸಿದ ಸಾವಿರಾರು ಹತ್ತಿಯ ಅಂಡಿಗೆಗಳೂ ಇದ್ದವು. ಒಂದೇ ಅಂಕಣದಲ್ಲಿ ಕೆಳಗೆ ಹತ್ತಿ, ಮೇಲೆ ಸಿಡಿಮದ್ದು! ಮಧ್ಯಾಹ್ನದ ಊಟದ ಹೊತ್ತಿನ ಸುಮಾರಿಗೆ ಹೊಗೆ ಕಾಣಿಸಿತು. ದಳದವರು ಬಂದು ನೂರಾರು ಟನ್ನು ನೀರನ್ನು ಸುರಿದರು. ಆದರೆ ಕನಲುವ ಹತ್ತಿಯು ಆರಲಿಲ್ಲ. ನೀರಿನ ಮೇಲೆ ತೇಲುತ್ತ ಮೇಲಿನ ಸಿಡಿಮದ್ದಿನ ಸಮೀಪಕ್ಕೇ ಏರತೊಡಗಿತು. ಹಡಗನ್ನು ಮುಳುಗಿಸಬೇಕೋ, ಸಮುದ್ರಕ್ಕೆ ಎಳೆದೊಯ್ಯಬೇಕೋ ಎಂಬ ಬಗ್ಗೆ ಅಧಿಕಾರಿಗಳಲ್ಲಿ ಒಮ್ಮತವಾಗಲಿಲ್ಲ. ಸಾಯಂಕಾಲ ನಾಲ್ಕು ಗಂಟೆಯ ಮೇಲೆ ಕೆಲವೇ ನಿಮಿಷಗಳಿಗೆ ಮೊದಲನೆಯ ಸ್ಫೋಟವೂ, ಅರ್ಧ ಗಂಟೆಯ ಸುಮಾರಿಗೆ ಎರಡನೆಯದೂ ಆದವು. ನೂರಾರು ಜನರು ಮಡಿದರು. ದಳದವರಲ್ಲಿಯೇ 66 ಜನರು ಪ್ರಾಣ ತೆತ್ತರು. ಇಂದಿಗೂ ದೇಶವು ಎಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸಿ, 20ರವರೆಗೆ ಸಪ್ತಾಹವನ್ನು ನಡೆಸುತ್ತಿರುವದು ಈ ವೀರರ ಸ್ಮರಣಾರ್ಥವಾಗಿಯೇ.

ಆ 66 ಜನರಲ್ಲಿ ಧೈರ್ಯದ ಕೊರತೆ ಇತ್ತೆಂದು ಯಾರೂ ಹೇಳಲಾರರು. ಧೈರ್ಯವು ಸಾಲದೆ ಹೋದ ಗಳಿಗೆಯೊಂದುಂಟು ಎಂಬುದೇ ಈ ದುರಂತದ ಪಾಠವು. ಯಾವ ಸರಕಿನ ಪಕ್ಕದಲ್ಲಿ ಯಾವ ಸರಕು ಇರಬಾರದು, ಬೆಂಕಿಯ ಸುದ್ದಿಯನ್ನು ಎಷ್ಟು ಬೇಗ ಮುಟ್ಟಿಸಬೇಕು, ಅಪ್ಪಣೆ ಕೊಡುವವನು ಒಬ್ಬನೇ ಏಕಿರಬೇಕು, ನೀರು ಯಾವಾಗ ಮಿತ್ರನು, ಯಾವಾಗ ಶತ್ರುವು—ಇವೆಲ್ಲವೂ ಹಡಗಿನ ಮೆಟ್ಟಿಲ ಮೇಲೆ ನಿಂತು ಕಲಿಯತಕ್ಕವಲ್ಲ, ಮೊದಲೇ ಕಲಿತಿರತಕ್ಕವು. ಸತ್ತವರು ತಮ್ಮ ಪ್ರಾಣವನ್ನಿತ್ತು ಕೊಂಡ ಅರಿವನ್ನು ಬದುಕಿದವರಿಗೆ ದಾಟಿಸುವವನೊಬ್ಬನು ಬೇಕು. ಅವನಿಲ್ಲದಿದ್ದರೆ ಪ್ರತಿಯೊಂದು ತಲೆಮಾರೂ ಅದೇ ಪಾಠಕ್ಕೆ ಹೊಸದಾಗಿ ಬೆಲೆ ತೆರಬೇಕಾಗುವದು.

ಸ್ವಾತಂತ್ರ್ಯಾನಂತರ ಭಾರತ ಸರಕಾರವು 1955ರಲ್ಲಿ ಅಗ್ನಿಶಾಮಕ ಸೇವೆಯನ್ನು ಕುರಿತು ಸ್ಥಾಯೀ ಸಲಹಾ ಸಮಿತಿಯೊಂದನ್ನು ನಿಯಮಿಸಿತು. ಮರುವರ್ಷ, ಅಂದರೆ 1956ರಲ್ಲಿ, ಉತ್ತರ ಪ್ರದೇಶದ ರಾಮಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಆರಂಭವಾಗಿ, 1957ರಲ್ಲಿ ನಾಗಪುರಕ್ಕೆ ಸ್ಥಳಾಂತರಗೊಂಡಿತು. ಆ ಕಾಲೇಜಿನ ಶಿಕ್ಷಣಕ್ರಮಗಳಲ್ಲೊಂದರ ಹೆಸರನ್ನು ವಾಚಕರು ಗಮನಿಸತಕ್ಕದ್ದು: ಅದು ‘ಠಾಣಾಧಿಕಾರಿಗಳ ಮತ್ತು ಬೋಧಕರ’ ಶಿಕ್ಷಣಕ್ರಮವು. ಠಾಣೆಯನ್ನು ಆಳುವವನೂ ಪಾಠ ಹೇಳುವವನೂ ಒಂದೇ ಗರಡಿಯಲ್ಲಿ ಸಿದ್ಧರಾಗಬೇಕೆಂಬ ತತ್ತ್ವವು ಆ ಹೆಸರಿನಲ್ಲಿಯೇ ಅಡಗಿರುವದು. ಅಗ್ನಿಶಾಸ್ತ್ರದ ಇಂಜಿನಿಯರಿಂಗ್ ಪದವಿಗೂ ಅಲ್ಲಿ ಶಿಕ್ಷಣವುಂಟು. ನಮ್ಮ ಜಿಲ್ಲೆಯು 1956ರಲ್ಲಿ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. 1964ರ ಅಗ್ನಿಶಾಮಕ ದಳದ ಕಾಯದೆಯು ಇಡಿಯ ರಾಜ್ಯಕ್ಕೆ ಒಂದೇ ದಳವೆಂಬ ವ್ಯವಸ್ಥೆಗೆ ತಳಹದಿಯಾಯಿತು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್. ಎ. ಮುಂಡ್ಕೂರರ ಹೆಸರನ್ನು ಹೊತ್ತ ಅಕಾಡೆಮಿಯು ಕನ್ನಡ ನಾಡಿನ ತರುಣರಿಗೆ ಈ ವಿದ್ಯೆಯನ್ನು ಕಲಿಸುತ್ತಿರುವದು.

ಬೋಧಕನು ಕಲಿಸುವದಾದರೂ ಏನನ್ನು? ಮೊದಲು ಶಾಸ್ತ್ರ: ಉರಿಯುವ ವಸ್ತು, ಗಾಳಿಯಲ್ಲಿಯ ಆಮ್ಲಜನಕ, ಶಾಖ—ಈ ಮೂರೂ ಕೂಡಿದರೆ ಬೆಂಕಿ, ಒಂದನ್ನು ತೆಗೆದರೆ ಬೆಂಕಿಯಿಲ್ಲ. ಹತ್ತಿಗೆ ನೀರು ಸರಿ, ಕಾದ ಎಣ್ಣೆಗೆ ನೀರು ಅನರ್ಥ, ವಿದ್ಯುತ್ತು ಹರಿಯುವ ತಂತಿಗೆ ನೀರು ಪ್ರಾಣಾಂತಿಕ. ಬಳಿಕ ಕೈಗೆಲಸ: ಪೈಪು ಬಿಚ್ಚಿ ಜೋಡಿಸುವದು, ಪಂಪು ನಡೆಸುವದು, ಏಣಿಯೇರುವದು, ಮೂರ್ಛೆ ಹೋದವನನ್ನು ಹೆಗಲ ಮೇಲೆ ಹೊತ್ತು ಇಳಿಯುವದು, ಹಗ್ಗದ ಗಂಟುಗಳನ್ನು ಕಣ್ಣು ಮುಚ್ಚಿ ಹಾಕುವದು. ಕೊನೆಗೆ ಮನಸ್ಸಿನ ಶಿಕ್ಷಣ: ಹೊಗೆ ತುಂಬಿದ ಕೋಣೆಯಲ್ಲಿ ಉಸಿರಾಟದ ಉಪಕರಣವನ್ನು ಧರಿಸಿ, ಗೋಡೆಯನ್ನು ಬಿಡದೆ ತಡವುತ್ತ, ಜೊತೆಗಾರನನ್ನು ಅಗಲದೆ ಮುನ್ನಡೆಯುವದು. ಇದನ್ನು ನೂರು ಸಲ ಮಾಡಿಸುವ ಬೋಧಕನು ಕಠಿಣನಂತೆ ತೋರುವನು. ಆದರೆ ಬೆಂಕಿಯ ಎದುರಿಗೆ ವಿಚಾರ ಮಾಡಲು ಬಿಡುವಿರುವದಿಲ್ಲ. ಕೈಗೆ ಅಭ್ಯಾಸವಾದದ್ದು ಮಾತ್ರವೇ ಆಗ ಬುದ್ಧಿಯ ಕೆಲಸವನ್ನು ಮಾಡುವದು. ಆದುದರಿಂದಲೇ ಬರಿಯ ಪುಸ್ತಕ ಓದಿದವನು ಈ ಪೀಠಕ್ಕೆ ಸಲ್ಲನು. ಠಾಣೆಯಲ್ಲಿ ವರ್ಷಗಳನ್ನು ಕಳೆದು, ಬೆಂಕಿಯನ್ನು ಮುಖಾಮುಖಿಯಾಗಿ ಕಂಡು, ಬಳಿಕ ಶಾಸ್ತ್ರವನ್ನೂ ಓದಿದವನೇ ಉತ್ತಮ ಬೋಧಕನು.

ಈ ವೃತ್ತಿಯ ಕ್ಷೇತ್ರವು ಈಗ ದಳದ ಆವರಣವನ್ನು ದಾಟಿ ಬಹಳ ವಿಸ್ತರಿಸಿದೆ. 1948ರ ಕಾರಖಾನೆಗಳ ಕಾಯದೆಯ 38ನೆಯ ಕಲಮು, ಬೆಂಕಿಯ ಸಮಯದಲ್ಲಿ ಪಾರಾಗುವ ಮಾರ್ಗವು ಕೆಲಸಗಾರರಿಗೆ ಗೊತ್ತಿರಬೇಕೆಂದೂ, ಅದರಲ್ಲಿ ಅವರಿಗೆ ತಕ್ಕ ಶಿಕ್ಷಣವಿರಬೇಕೆಂದೂ ವಿಧಿಸಲು ಎಡೆಮಾಡಿತು. ಬಂದರ, ವಿಮಾನ ನಿಲ್ದಾಣ, ಎಣ್ಣೆಯ ಶುದ್ಧೀಕರಣಾಲಯ, ಆಸ್ಪತ್ರೆ, ಎತ್ತರದ ಕಟ್ಟಡ ಇವೆಲ್ಲಕ್ಕೂ ಇಂಥ ಶಿಕ್ಷಕರು ಬೇಕು. ದಳದಲ್ಲಿ ಸಾಮಾನ್ಯ ಅಗ್ನಿಶಾಮಕನಾಗಿ ಸೇರಿದ ಹಳ್ಳಿಯ ತರುಣನಿಗೂ, ಓದು-ಅಭ್ಯಾಸಗಳ ಬಲದಿಂದ ಒಂದು ದಿನ ಬೋಧಕನಾಗುವ ದಾರಿ ತೆರೆದಿದೆ.

ನಮ್ಮ ಅವಳಿ ನಗರಗಳಿಗೆ ಇದರ ಅಗತ್ಯವೆಷ್ಟೆಂಬುದನ್ನು ಈಚಿನ ಮೂರು ಘಟನೆಗಳೇ ಸಾರುತ್ತವೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಲಾಗುತ್ತಿದ್ದ ಬಹು ಅಂತಸ್ತಿನ ಕಟ್ಟಡವು ಕುಸಿದು 19 ಜನರು ಮಡಿದರು. ಅಗ್ನಿಶಾಮಕ ದಳದವರೂ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರೂ ಹಗಲಿರುಳು ದುಡಿದು ಅನೇಕರನ್ನು ಜೀವಂತ ಹೊರತೆಗೆದರು. ನಾಲ್ಕನೆಯ ದಿನದಲ್ಲಿಯೂ ಕಲ್ಲುಮಣ್ಣಿನಡಿಯಿಂದ ಉಸಿರಿದ್ದವರು ಹೊರಬಂದರು. ಯಾವ ತೊಲೆಯನ್ನು ಎತ್ತಬಹುದು, ಯಾವುದನ್ನು ಮುಟ್ಟಲಾಗದು ಎಂಬುದನ್ನು ಮೊದಲೇ ಕಲಿತ ಕೈಗಳು ಅಲ್ಲಿ ಇದ್ದವು. 2022ರ ಜುಲೈ ತಿಂಗಳಲ್ಲಿ ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ, ಹುಟ್ಟುಹಬ್ಬಕ್ಕೆ ಹಚ್ಚುವ ಕಿಡಿಬತ್ತಿಗಳನ್ನು ಮಾಡುವ ಕಾರಖಾನೆಯಲ್ಲಿ ಬೆಂಕಿಯೆದ್ದು ಕೆಲಸಗಾರರು ಬಲಿಯಾದರು. 2024ರ ಡಿಸೆಂಬರದಲ್ಲಿ ಹುಬ್ಬಳ್ಳಿಯಲ್ಲಿಯೇ ಅಯ್ಯಪ್ಪ ವ್ರತಧಾರಿಗಳು ಮಲಗಿದ್ದೆಡೆಯಲ್ಲಿ ಸಿಲಿಂಡರಿನ ಅನಿಲವು ಸೋರಿ ಹೊತ್ತಿಕೊಂಡು, ಸುಟ್ಟ 9 ಜನರಲ್ಲಿ 8 ಜನರು ಒಬ್ಬರ ಹಿಂದೊಬ್ಬರಾಗಿ ತೀರಿಕೊಂಡರು. ಅಡಿಗೆಯ ಅನಿಲವು ಗಾಳಿಗಿಂತ ಭಾರ, ಅದು ಮೇಲೇರದೆ ನೆಲದ ಮೇಲೆ ಹಬ್ಬಿ ಕಿಡಿಯನ್ನು ಹುಡುಕುವದು ಎಂಬುದು ಬೋಧಕನ ಮೊದಲ ದಿನದ ಪಾಠಗಳಲ್ಲೊಂದು. ಆ ಪಾಠವು ದಳದ ಗೋಡೆಯೊಳಗೇ ಉಳಿದರೆ ಸಾಲದು. ಮನೆಮನೆಯ ಅಡಿಗೆಯ ಕೋಣೆಯನ್ನೂ ಮುಟ್ಟಬೇಕು.

ಧಾರವಾಡವು ಕಲಿಸುವವರನ್ನು ಕಲಿಸಿದ ಊರು. 19ನೆಯ ಶತಮಾನದಲ್ಲಿಯೇ ಇಲ್ಲಿಯ ನಾರ್ಮಲ್ ಶಾಲೆಯೂ, ಮುಂದೆ ಟ್ರೇನಿಂಗ್ ಕಾಲೇಜೂ ಕನ್ನಡ ಮಾಸ್ತರರನ್ನು ಸಿದ್ಧಗೊಳಿಸಿ ಹಳ್ಳಿಹಳ್ಳಿಗೆ ಕಳಿಸಿದವು. ಡೆಪ್ಯುಟಿ ಚನ್ನಬಸಪ್ಪನವರಂಥವರು ಈ ಕಾರ್ಯಕ್ಕೆ ತಮ್ಮ ಆಯುಷ್ಯವನ್ನೇ ಸವೆಸಿದರು. ಅಕ್ಷರ ಕಲಿಸುವ ಮಾಸ್ತರನಿಗೆ ನಾವು ಕೊಟ್ಟ ಗೌರವವನ್ನು ಪ್ರಾಣ ಉಳಿಸುವದನ್ನು ಕಲಿಸುವ ಮಾಸ್ತರನಿಗೂ ಕೊಡುವದು ನಮಗೆ ಹೊಸದಲ್ಲ. ನಮ್ಮ ಶಾಲೆಗಳು ವರ್ಷಕ್ಕೊಮ್ಮೆಯಾದರೂ ದಳದ ಬೋಧಕನನ್ನು ಕರೆಯಿಸಿ ಮಕ್ಕಳಿಗೆ ಅಭ್ಯಾಸ ಮಾಡಿಸಲಿ. ಕಾರಖಾನೆಗಳ ಒಡೆಯರು ಕೆಲಸಗಾರರ ಶಿಕ್ಷಣದ ವೆಚ್ಚವನ್ನು ದಂಡವೆಂದು ಬಗೆಯದಿರಲಿ. ಈ ಶಾಸ್ತ್ರದ ಕೈಪಿಡಿಗಳು ಹೊಗೆಯಲ್ಲಿಯೂ ನೆನಪಾಗುವಂಥ ತಿಳಿಗನ್ನಡದಲ್ಲಿ ಹೊರಬರಲಿ. ಬಲವೂ ಬುದ್ಧಿಯೂ ಇರುವ ತರುಣರು ಇದನ್ನು ಕಿರಿದಾದ ನೌಕರಿಯೆಂದು ತಿಳಿಯದೆ ಮುಂದೆ ಬರಲಿ. ಬಾವಿಯನ್ನು ತೋಡಲು ತಕ್ಕ ಕಾಲವು ಬೆಂಕಿಯಿಲ್ಲದ ಕಾಲವೇ.