ಚಕ್ರ ಸ್ಪೇಸರ್

ಚಕ್ರ ಸ್ಪೇಸರ್ ಎಂಬುದು ವಾಹನದ ಹಬ್ ಮತ್ತು ಚಕ್ರದ ನಡುವೆ ಅಳವಡಿಸುವ ಲೋಹದ ಬಿಲ್ಲೆ. ಇದನ್ನು ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ತಯಾರಿಸಲಾಗುತ್ತದೆ. ಚಕ್ರವನ್ನು ಹೊರಕ್ಕೆ ಸರಿಸಿ, ಅಗಲವಾದ ಟೈರು ಸಸ್ಪೆನ್ಷನ್ ಭಾಗಗಳಿಗೆ ತಾಗದಂತೆ ಮಾಡುವುದು ಇದರ ಮುಖ್ಯ ಉದ್ದೇಶ.

ವಿಧಗಳು

ಸರಳ ಸ್ಪೇಸರನ್ನು ಹಬ್‌ನ ಮೂಲ ಸ್ಟಡ್‌ಗಳಿಗೇ ತೂರಿಸಲಾಗುತ್ತದೆ. ಅಡಾಪ್ಟರ್ ಎಂಬ ಎರಡನೆಯ ವಿಧವನ್ನು ಮೂಲ ಸ್ಟಡ್‌ಗಳಿಗೆ ನಟ್‌ಗಳಿಂದ ಬಿಗಿದು, ಅದರದೇ ಸ್ಟಡ್‌ಗಳಿಗೆ ಚಕ್ರವನ್ನು ಜೋಡಿಸಲಾಗುತ್ತದೆ. ಸ್ಟಡ್‌ಗಳ ಜೋಡಣೆ ಬೇರೆಯಾಗಿರುವ ಚಕ್ರಕ್ಕೆ ಅಡಾಪ್ಟರ್ ಅಗತ್ಯ. ಉದಾಹರಣೆಗೆ, 2010ರ ದಶಕದ ಫೋರ್ಡ್ ಎಫ್-150 ಪಿಕಪ್ ಟ್ರಕ್ಕಿನ 6 ಸ್ಟಡ್‌ಗಳು 135 ಮಿ.ಮೀ. ವ್ಯಾಸದ ವೃತ್ತದಲ್ಲಿವೆ, ಷೆವರ್ಲೆ ಸಿಲ್ವರಾಡೊ 1500ರಲ್ಲಿ ಈ ವ್ಯಾಸ 139.7 ಮಿ.ಮೀ. ಸ್ಟಡ್‌ಗಳ ಸಂಖ್ಯೆ ಒಂದೇ ಆದರೂ ಒಂದರ ಚಕ್ರ ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ.

ಪರಿಣಾಮ ಮತ್ತು ಸುರಕ್ಷತೆ

ಎರಡೂ ಬದಿಗಳಲ್ಲಿ 25 ಮಿ.ಮೀ. ದಪ್ಪದ ಸ್ಪೇಸರ್ ಹಾಕಿದರೆ ಆ ಅಚ್ಚಿನ ಚಕ್ರಗಳ ನಡುವಿನ ಅಂತರ 50 ಮಿ.ಮೀ. ಹೆಚ್ಚುತ್ತದೆ. ಇದರಿಂದ ಬೇರಿಂಗ್‌ಗಳ ಮೇಲಿನ ಹೊರೆ ಹೆಚ್ಚಿ, ಅವು ಬೇಗ ಸವೆಯಬಹುದು. ಸರಳ ಸ್ಪೇಸರ್ ದಪ್ಪವಾದಷ್ಟೂ ನಟ್‌ನ ಹಿಡಿತಕ್ಕೆ ಸಿಗುವ ತಿರುಪಿನ ಸುತ್ತುಗಳು ಕಡಿಮೆಯಾಗುತ್ತವೆ. ಅಡಾಪ್ಟರಿನ ಒಳಗಿನ ನಟ್‌ಗಳು ಚಕ್ರದ ಹಿಂದೆ ಮರೆಯಾಗಿರುವುದರಿಂದ, ಸಡಿಲವಾದರೂ ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಅವುಗಳನ್ನು ಟಾರ್ಕ್ ರೆಂಚಿನಿಂದ ನಿಗದಿತ ಪ್ರಮಾಣಕ್ಕೆ ಬಿಗಿದು, ಸ್ವಲ್ಪ ದೂರ ಓಡಿಸಿದ ಬಳಿಕ ಚಕ್ರ ಬಿಚ್ಚಿ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.